ಇಂದ್ರಾಬಾಯಿ ಬಿಚ್ಚಿದ ಹೊಲಿಗೆ

ಘಾಟ್ಕೋಪರಿನ ಆ ಚಾಳಿನಲ್ಲಿ ಇಂದ್ರಾಬಾಯಿಗೆ ಹೆದರದ ಹೆಂಗಸರು ಕಡಿಮೆ. ಅರವತ್ತೆರಡರ ಮುದುಕಿ, ಬೈಗುಳವಿಲ್ಲ, ಕೂಗಾಟವಿಲ್ಲ. ಆದರೆ ಯಾರೋ ಹೊಲಿದ ಕೌದಿಯ ಮೇಲೆ ಒಮ್ಮೆ ಅಂಗೈ ಆಡಿಸಿದಳೆಂದರೆ ಹೊಲಿದವಳ ಎದೆ ಢವಢವ ಅನ್ನುತ್ತಿತ್ತು. ಸೊಟ್ಟ ಹೋದ ಸಾಲು ಆ ಅಂಗೈಗೆ ಮುಳ್ಳಿನಂತೆ ಸಿಗುತ್ತಿತ್ತು. ಸಿಕ್ಕಿತೋ, ಬಿಚ್ಚಿ ಮತ್ತೆ ಹೊಲಿಯುವ ತನಕ ಅವಳಿಗೆ ಊಟ ಸೇರದು.

ಇಂಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಮುಂಬಯಿಗೆ ಬಂದವಳು. ಮೂವತ್ತು ವರ್ಷ ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಳು. ಮೊಣಕಾಲು ಸೋತ ಮೇಲೆ ಅತ್ತೆ ಕಲಿಸಿದ ವಿದ್ಯೆ ಕೈಹಿಡಿಯಿತು: ಹಳೆಯ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ ಕೈಹೊಲಿಗೆಯಲ್ಲಿ ಕೌದಿ ಮಾಡುವುದು. ಚಾಳಿನ ಐದಾರು ಹೆಂಗಸರು ಅವಳ ಸುತ್ತ ಸೇರಿದರು. ಅವರಲ್ಲೊಂದು ರೂಢಿ. ಹೊಸಬಳ ಹೊಲಿಗೆಯನ್ನು ಹಿರಿಯಳು ಬಿಚ್ಚಿ, ತಾನೇ ನೆಟ್ಟಗೆ ಹೊಲಿದು ಕೊಡಬೇಕು. ಅದು ಅವಮಾನವಲ್ಲ, ಅಕ್ಕರೆ. ಇಂದ್ರಾಬಾಯಿಯ ಮೊದಲ ಕೌದಿಯನ್ನು ಅವಳ ಅತ್ತೆ ಏಳು ಸಲ ಬಿಚ್ಚಿದ್ದಳಂತೆ. ಮೈಮೇಲೆ ಬಂಗಾರ ಹಾಕಿಸಿಕೊಂಡವಳ ಹಾಗೆ ಅದನ್ನು ಹೇಳಿಕೊಳ್ಳುತ್ತಿದ್ದಳು.

ಕಳೆದ ದೀಪಾವಳಿಯ ನಂತರ ಶೀತಲ್ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಮಲಾಡಿನವಳು, ಪರೇಲಿನ ಒಂದು ಆಸ್ಪತ್ರೆಯಲ್ಲಿ ಆರ್ಟ್ ಥೆರಪಿಸ್ಟ್. ಬಣ್ಣ, ಮಣ್ಣು, ಬಟ್ಟೆ ಕೈಗೆ ಕೊಟ್ಟು, ಬಾಯಿಬಿಟ್ಟು ಹೇಳಲಾಗದ ಸಂಕಟ ಹೊರಗೆ ಬರುವಂತೆ ಮಾಡುವುದು ಅವಳ ಕೆಲಸ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತಲು ಒಲ್ಲರು. ಬ್ರಷ್ ಕೊಟ್ಟರೆ ನಮಗೆ ಬರುವುದಿಲ್ಲ ಎಂದು ಕೈ ಹಿಂದೆ ತೆಗೆಯುವರು. ಸೂಜಿ ದಾರವಾದರೆ ಎಲ್ಲರಿಗೂ ಗೊತ್ತು.

“ಮಾವ್ಶಿ, ನಿಮ್ಮ ಜಾಗಾ ಕೊಡಿ. ಅವರು ನಿಮ್ಮ ಜೊತೆ ಕೂತು ಹೊಲೀಲಿ, ಬಸ್,” ಎಂದಳು ತನ್ನ ಅರೆಬರೆ ಕನ್ನಡದಲ್ಲಿ. “ಲೇಕಿನ್ ಯಾರದೂ ಕರೆಕ್ಟ್ ಮಾಡಬಾರದು ಹಾಂ. ಹ್ಯಾಗೆ ಬರ್ತದೆ ಹಾಗೇ ಇರಲಿ.”

ಇಂದ್ರಾಬಾಯಿ ಹೂಂ ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು.

ಶನಿವಾರ ಶನಿವಾರ ನಾಲ್ವರು ತಾಯಂದಿರು ಬರತೊಡಗಿದರು. ಅವರಲ್ಲಿ ನಜ್ಮಾ ಹಿಂದಿನ ಗಲ್ಲಿಯವಳೇ. ಗಂಡ ಅಲ್ಲಾವುದ್ದೀನ ಕಿಟಕಿಗೆ ಗ್ರಿಲ್ ಕೂಡಿಸುವವನು. ಒಂಬತ್ತು ವರ್ಷದ ಮಗ ಶಾಹೀದ ಮೊಹರಂ ಕಳೆದ ಕೆಲವೇ ದಿನಕ್ಕೆ ತೀರಿಕೊಂಡಿದ್ದ. ಅಂದಿನಿಂದ ಅವಳು ಮಾತೇ ಬಿಟ್ಟಿದ್ದಳು, ಅಳಲೂ ಇಲ್ಲ. ಮಗನ ನೀಲಿ ಚೌಕಳಿ ಅಂಗಿ ತಂದಳು, ಕೌದಿಯ ಮೇಲೆ ಹಾಸಿದಳು, ವಾರಕ್ಕೊಂದರಂತೆ ಕಪ್ಪು ದಾರದಲ್ಲಿ ಮೂರು ಸಾಲು ಹೊಲಿದಳು. ಒಂದೂ ನೆಟ್ಟಗಿರಲಿಲ್ಲ. ಕಂಕುಳಿಂದ ಸೊಂಟದ ತನಕ ಬಾಗಿ ಬಾಗಿ ಇಳಿದಿದ್ದವು.

ಕೌದಿ ಇರುತ್ತಿದ್ದದ್ದು ಇಂದ್ರಾಬಾಯಿಯ ಮನೆಯಲ್ಲಿ. ಒಂದು ಬುಧವಾರ ಮಧ್ಯಾಹ್ನ ಅಂಗೈ ಆಡಿಸಿದಳು, ಅಷ್ಟೇ. ಪಾಪ, ಹಡೆದ ಕರುಳು, ಕೈ ನಡುಗಿದೆ, ಅಕ್ಕನಾಗಿ ನಾನಲ್ಲದೆ ಯಾರು ನೋಡಬೇಕು ಅಂದುಕೊಂಡಳು. ಮೂರೂ ಸಾಲು ಬಿಚ್ಚಿ, ಗೆರೆ ಕೊರೆದಂತೆ ನೆಟ್ಟಗೆ ಹೊಲಿದಿಟ್ಟಳು. ಆ ದಿನ ಹೊಟ್ಟೆ ತುಂಬ ಉಂಡಳು.

ಶನಿವಾರ ನಜ್ಮಾ ಅಂಗಿಯ ಮೇಲೆ ಬೆರಳಾಡಿಸಿ ಏನನ್ನೋ ಹುಡುಕಿದಳು. ಇನ್ನೊಮ್ಮೆ ಹುಡುಕಿದಳು. ಕೌದಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಅಲ್ಲಾವುದ್ದೀನ ಬಾಗಿಲಲ್ಲಿ ನಿಂತಿದ್ದ.

“ಅಕ್ಕಾರ, ಶನಿವಾರ ಬಂತಂದ್ರ ಎದ್ದು ತಲೀ ಬಾಚ್ಕೊಂತಿದ್ಲು. ಈಗ ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳರಿ. ಹೊಟ್ಟಿಗೂ ತಗೊಳ್ಳವಲ್ಲಳು.”

ಇಂದ್ರಾಬಾಯಿ ಮಾಡಿದ್ದನ್ನು ಶೀತಲಳಿಗೆ ಹೇಳಿದಳು. ಅವಳು ಬೈಯಲಿಲ್ಲ, ಯಾಕೆ ಬೇಡವೆಂದು ನಾನೇ ಬಿಡಿಸಿ ಹೇಳಬೇಕಿತ್ತು ಎಂದಳು. ತಾನೇ ಹೋಗಿ ಮಾತಾಡುತ್ತೇನೆಂದಳು. “ಬ್ಯಾಡವಾ,” ಎಂದಳು ಇಂದ್ರಾಬಾಯಿ. “ಬಿಚ್ಚಿದಾಕಿ ನಾನು.”

ಕೌದಿ ಹೊತ್ತು ಹೋಗಿ ನಜ್ಮಾಳ ಖೋಲಿಯಲ್ಲಿ ಕಿಟಕಿಯ ಕೆಳಗೆ ಕಾಲು ಚಾಚಿ ಕುಳಿತಳು.

“ತಂಗಿ, ನಾ ತಪ್ಪು ಮಾಡೀನಿ. ನೆಟ್ಟಗ ಮಾಡತೀನಂತ ನಿನ್ನ ಹೊಲಗಿ ಹಾಳ ಮಾಡೀನಿ.”

ಇಂದ್ರಾಬಾಯಿ ಸೂಜಿಯ ತುದಿಯಿಂದ ತನ್ನದೇ ಹೊಲಿಗೆಯನ್ನು ಒಂದೊಂದಾಗಿ ಎತ್ತಿ ಬಿಚ್ಚತೊಡಗಿದಳು. ಅಷ್ಟು ಚೆಂದದ ಹೊಲಿಗೆ ಬಿಚ್ಚಲು ಅವಳಿಗೆ ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಬೇಕು. ಕಡೆಯ ಎಳೆ ತೆಗೆದು ಅಂಗಿಯನ್ನು ಬೆಳಕಿಗೆ ಹಿಡಿದಳು. ಕೌದಿಯ ಸೂಜಿ ದಪ್ಪ. ನಜ್ಮಾ ಹಿಂದೆ ಚುಚ್ಚಿದ್ದ ತೂತುಗಳು ಸಣ್ಣಗೆ ಹಾಗೇ ಇದ್ದವು, ಬಾಗಿ ಬಾಗಿ, ಮೂರು ಸಾಲು.

“ಅದಾವ ನೋಡು. ಎಲ್ಲೂ ಹೋಗಿಲ್ಲ.”

ಹಾಸಿಗೆಯಿಂದ ಕೈಯೊಂದು ಬಂದು ಮೊದಲ ಸಾಲಿನ ಮೇಲೆ ಕೂತಿತು.

“ಇದು ರಂಜಾನ್ ಮುಗಿದ ಮ್ಯಾಲ,” ನಜ್ಮಾಳ ದನಿ ಒರಟಾಗಿತ್ತು. “ಔಷಧಕ್ಕ ಒಣಗಿದ್ನರಿ ಹುಡುಗ. ಅಂಗಿ ಜೋತು ಬೀಳತಿತ್ತು. ಮಗ್ಗಲಿಗೆ ಹಿಡಿದು ಹೊಲದು ಸಣ್ಣದು ಮಾಡಿದೆ. ಆ ಗುರುತಿನ ಮ್ಯಾಲೇ ಇಲ್ಲಿ ಮತ್ತ ಹೊಲದಿದ್ದೆ. ಎರಡನೇದು ಬಕ್ರೀದಿಗೆ. ಇದು ಮೊಹರಮ್ಮಿಗೆ.” ಬೆರಳು ಒಳಗಿನ ಸಾಲಿನ ಮೇಲೆ ನಿಂತಿತು. “ಆಮ್ಯಾಲ ಇನ್ನೊಂದು ಹಿಡೀಬೇಕಾಗಿತ್ತು. ಕಡೀಕ ಆ ಅಂಗ್ಯಾಗ ಅಂವ ಅದಾನೋ ಇಲ್ಲೋ ಅನ್ನಂಗಾಗಿತ್ರಿ. ನಾಳೆ ಮಾಡೂಣಂತ ಬಿಟ್ಟೆ.”

ಆಗ ಅತ್ತಳು. ಇಂದ್ರಾಬಾಯಿಗೆ ಸೂಜಿ ಕಾಣದಾಯಿತು. ಮಗನ ಮೈ ಕರಗಿದ್ದರ ಅಳತೆಯನ್ನೇ ಸೊಟ್ಟ ಅಂತ ಕಿತ್ತು ಹಾಕಿದೆನಲ್ಲ ಎಂದು ತನ್ನ ಕೈಯ ಮೇಲೇ ಅವಳಿಗೆ ಹೇಸಿಗೆಯಾಯಿತು.

ಕಣ್ಣೊರೆಸಿಕೊಂಡು ನಜ್ಮಾ ಅಂಗಿಯನ್ನು ಅವಳ ತೊಡೆಯ ಮೇಲೆ ಸರಿಸಿದಳು.

“ಆ ನಾಕನೇದು ನನ್ನ ಕೈಲೆ ಆಗೂದಿಲ್ರಿ ಅಕ್ಕಾ. ನೀವು ಹಾಕ್ರಿ.”

“ಎಲ್ಲಿಂದ ಎಲ್ಲೀ ತನಕ, ನನಗ ತಿಳಿಯೂದಿಲ್ಲವಾ. ನೀ ತೋರಸು.”

ನಜ್ಮಾ ಕಂಕುಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಕೆಳಗೆ ಎಳೆಯತೊಡಗಿದಳು. ಬೆರಳು ನಡುಗಿದಲ್ಲಿ ನಡುಗಿ, ನಿಂತಲ್ಲಿ ನಿಂತು, ಇಂದ್ರಾಬಾಯಿಯ ಸೂಜಿ ಅದರ ಹಿಂದೆಯೇ ಹೋಯಿತು.