ಒಂದೇ ಗದ್ದೆ, ಎರಡು ಮಣ್ಣು

ಕಳೆದ ಭಾನುವಾರ ನನ್ನ ಇಬ್ಬರು ಸೋದರಳಿಯಂದಿರು ಗದ್ದೆಯ ಬದುವಿನ ಮೇಲೆ ಒಬ್ಬರ ಕಾಲರ್ ಒಬ್ಬರು ಹಿಡಿದುಕೊಂಡರು. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು. ಜಗಳ ಹಚ್ಚಿದ್ದು ಮನುಷ್ಯರಲ್ಲ, ಟಾರ್ಚಿನಷ್ಟು ದೊಡ್ಡದೊಂದು ಮೆಷಿನ್!

ಹರಿಹರ ತಾಲೂಕಿನ ಕಡರನಾಯಕನಹಳ್ಳಿಯಲ್ಲಿ ಅವರ ಭತ್ತದ ಗದ್ದೆ. ಈಚೆಗಷ್ಟೇ ಪಾಲಾಯಿತು. ಪಾಲು ಮಾಡಿಸಿದ ಹಿರಿಯ ನಾನೇ. (ಸೋದರಮಾವ ಅಂದಮೇಲೆ ಮದುವೆಗೂ ಕರೆಯುತ್ತಾರೆ, ಪಾಲಿಗೂ ಕರೆಯುತ್ತಾರೆ. ಮದುವೆಯಲ್ಲಾದರೆ ಊಟವಾದರೂ ಸಿಗುತ್ತದೆ.) ನಮ್ಮ ಕಡೆಯ ಪದ್ಧತಿ ಗೊತ್ತಲ್ಲ? ಅಣ್ಣ ಭಾಗ ಮಾಡಬೇಕು, ತಮ್ಮ ಆರಿಸಬೇಕು. ಅಣ್ಣ ಬಸವರಾಜ ಹಗ್ಗ ಹಿಡಿದು ಸರಿಯಾಗಿ ಎರಡು ಭಾಗ ಮಾಡಿದ. ತಮ್ಮ ಶಿವಣ್ಣ ಹಿಂದೆಮುಂದೆ ನೋಡದೆ ಮೇಲಿನದನ್ನು ಆರಿಸಿದ. ಅದು ರೋಡಿಗೆ ಹತ್ತಿಕೊಂಡಿದೆ. "ಒಂದೇ ಗದ್ದೆ, ಒಂದೇ ಮಣ್ಣು, ಯಾರಿಗೂ ಮೋಸ ಇಲ್ಲ" ಅಂತ ಸರ್ಟಿಫಿಕೇಟ್ ಕೊಟ್ಟು ನಾನು ಎಸ್.ಎಸ್. ಬಡಾವಣೆಯ ನನ್ನ ಮನೆಗೆ ಬಂದು ನೆಮ್ಮದಿಯಾಗಿ ಮಲಗಿದೆ.

ಶಿವಣ್ಣನಿಗೆ ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ. ಕೆಸರಿಗೆ ಇಳಿಯುವವಳು ಅವನ ಹೆಂಡತಿ ರೇಣುಕಾ. ತನ್ನ ಕೈಯಿಂದ ಬೆಳೆಯುವ ಮೊದಲ ಬೆಳೆ, ಗೊಬ್ಬರ ಎಷ್ಟು ಹಾಕಬೇಕೆಂದು ಗೊತ್ತಾಗಲಿ ಅಂತ ಆಕೆ ಮಣ್ಣು ಪರೀಕ್ಷೆಯ ಮೇಡಂ ಒಬ್ಬರನ್ನು ಕರೆಸಿದಳು. ಎರಡೂ ಪಾಲಿನ ಮಣ್ಣು ತೆಗೆದು ಮೊದಲೇ ಒಣಗಿಸಿ, ಜರಡಿ ಹಿಡಿದು ಇಟ್ಟಿದ್ದಳು. ಅಣ್ಣತಮ್ಮ ಇಬ್ಬರೂ ಬದುವಿನ ಮೇಲೆ ಬಂದು ನಿಂತಿದ್ದರು. ನಾನೂ ತಮಾಷೆ ನೋಡಲು ಹೋದೆ.

ಸ್ಪೆಕ್ಟ್ರೋಸ್ಕೋಪಿ ಅಂತೆ. ಮೆಷಿನ್ ಮಣ್ಣಿನ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಮಣ್ಣು ಅದರಲ್ಲಿ ಎಷ್ಟು ನುಂಗಿತು, ಎಷ್ಟು ವಾಪಸ್ ಕಳಿಸಿತು ಅಂತ ಲೆಕ್ಕ ಹಾಕಿ ಸಾವಯವ ಅಂಶ, ಸಾರಜನಕ ಎಲ್ಲ ಮೊಬೈಲಿನಲ್ಲಿ ತೋರಿಸುತ್ತದೆ. ಆಸಿಡ್ ಬೇಡ, ವಾರಗಟ್ಟಲೆ ಕಾಯುವುದೂ ಬೇಡ. ನನಗೋ ನಂಬಿಕೆಯೇ ಬರಲಿಲ್ಲ. (ನಮ್ಮನೆ ಟಿವಿ ರಿಮೋಟ್ ಕೂಡ ಕಾಣದ ಬೆಳಕನ್ನೇ ಬಿಡುತ್ತದೆ. ಕುಟ್ಟದೆ ಅದು ಕೆಲಸ ಮಾಡಲ್ಲ.)

ಕೆಳಗಿನ ಪಾಲಿನ ಮಣ್ಣು ಚೆನ್ನಾಗಿದೆ ಅಂತ ಬಂತು. ಮೇಲಿನದರಲ್ಲಿ ಸಾವಯವ ಅಂಶ ತೀರಾ ಕಡಿಮೆ. ಬೇರೆ ಬೇರೆ ಕಡೆ ತೆಗೆದ ಮಣ್ಣಿಟ್ಟರೂ ಅದೇ ಹಾಡು.

"ಈ ಕಡೆ ಮೇಲ್ಮಣ್ಣು ತೆಗ್ಸೀರೇನ್ರಿ?" ಮೇಡಂ ಕೇಳಿದರು.

ನನಗೆ ಆಗ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಬಸವರಾಜ ಜೆಸಿಬಿ ತರಿಸಿ ಗದ್ದೆ ಮಟ್ಟ ಮಾಡಿಸಿದ್ದ. ಮೇಲಿನ ದಿಬ್ಬ ಕೆರೆದು ಕೆಳಗಿನ ತಗ್ಗಿಗೆ ತಳ್ಳಿಸಿದ್ದ. ನೀರು ಸಮನಾಗಿ ನಿಂತಿತು ಅಂತ ನಾವೆಲ್ಲ ಶಹಬ್ಬಾಸ್ ಅಂದಿದ್ದೆವು. ಮಣ್ಣಿನ ಸಾರವೂ ಜೊತೆಗೇ ಕೆಳಗೆ ಹೋಗಿದ್ದು ಯಾರಿಗೆ ಗೊತ್ತಿತ್ತು?

ಒಬ್ಬನಿಗೆ ಗೊತ್ತಿತ್ತು.

"ಅದಕ್ಕ ಮ್ಯಾಲಿನ ಕಡೆ ಪ್ರತಿ ಬೆಳಿಗೂ ಯೂರಿಯಾ ಜಾಸ್ತಿ ಹಾಕ್ತಿದ್ದೆ" ಅಂದುಬಿಟ್ಟ ಬಸವರಾಜ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

"ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಅಲ್ಲೇನೋ ಅಣ್ಣ!" ಶಿವಣ್ಣ ಕಾಲರಿಗೆ ಕೈ ಹಾಕಿದ.

"ಆರಿಸ್ಕೊಂಡೋನು ನೀನಲೇ!" ಇವನೂ ಹಿಡಿದ.

ನಾನು ನಡುವೆ ನುಗ್ಗಿ ಬಿಡಿಸಿದೆ. ಮೋಸ ಇಲ್ಲ ಅಂದವನು ನಾನೇ ಅಲ್ಲವೇ? ಇನ್ನು ಯಾವ ಮುಖ ಇಟ್ಟುಕೊಂಡು ಆ ಮನೆಯಲ್ಲಿ ಊಟಕ್ಕೆ ಕೂರಲಿ?

ಬಸವರಾಜನೇ ಮೊದಲು ತಣ್ಣಗಾದ. "ತಪ್ಪಾತು ಮಾವ. ಬದಲು ಮಾಡ್ಕೊಳ್ಳಾಣ. ಕೆಳಗಿಂದು ಅವ್ನೇ ತಗಳ್ಳಿ."

ರೇಣುಕಾಳ ಮುಖ ಅರಳಿತು. ನನಗೂ ಹೋದ ಜೀವ ಬಂದಂತಾಯಿತು. ಶಿವಣ್ಣ ಮಾತ್ರ ರೋಡಿನ ಕಡೆ ನೋಡುತ್ತ ನಿಂತ.

"ಬ್ಯಾಡ ಬಿಡ್ರಿ ಮಾವ. ಇದು ರೋಡ್ ಸೈಡ್ ಐತೆ. ನಾಳೆ ಸೈಟ್ ಆದ್ರ ಮಣ್ಣು ಹೆಂಗೈತೆ ಅಂತ ಯಾರ್ ಕೇಳ್ತಾರ?"

ನಾನು ದಂಗಾಗಿಹೋದೆ. ಅಣ್ಣ ಮುಚ್ಚಿಟ್ಟಿದ್ದಕ್ಕಿಂತ ಇದು ದೊಡ್ಡ ಪೆಟ್ಟು. ಈಗಷ್ಟೇ ಇದೇ ಮಣ್ಣಿಗಾಗಿ ಒಡಹುಟ್ಟಿದವನ ಕಾಲರ್ ಹಿಡಿದವನು ಇವನೇ ತಾನೆ? (ನಾನೂ ಒಂದು ಕಾಲದ ಹೊಲದಲ್ಲಿ ಮನೆ ಕಟ್ಟಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬುದ್ಧಿ ಹೇಳುವ ಯೋಗ್ಯತೆ ನನಗೂ ಅಷ್ಟಕ್ಕಷ್ಟೆ.) ಮಣ್ಣಿನಲ್ಲಿ ಏನಿದೆ ಅಂತ ಹೇಳುವ ಮೆಷಿನ್ ಬಂತು, ಸರಿ. ಕೇಳಿಸಿಕೊಳ್ಳುವವರು ಬೇಕಲ್ಲ?

ರೇಣುಕಾ ಗಂಡನನ್ನೇ ದಿಟ್ಟಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಂಗಾದ್ರ ಈ ವರ್ಷ ಭತ್ತ ರೋಡಿನ ಮ್ಯಾಲೆ ನಾಟಿ ಮಾಡ್ಲೇನ್ರಿ ಮಾವ?"