ಲಂಗದ ಮೂರನೇ ಮಡಿಕೆ

ಬಟ್ಟೆಯ ನಡುವಿನಿಂದ ಒಣ ಬೇವಿನೆಲೆಯ ವಾಸನೆ ಬಂದರೆ ಇವತ್ತಿಗೂ ನಾನು ಕೈ ಹಿಂದಕ್ಕೆಳೆದುಕೊಳ್ಳುತ್ತೇನೆ. ಮೊನ್ನೆಯೂ ಹಾಗೇ ಆಯಿತು. ಮಕ್ಕಳಿಗೆ ಗಿಡ್ಡವಾದ ಬಟ್ಟೆಗಳಿದ್ದರೆ ಒಗೆದು ಕಳಿಸಿ, ಬೇಕಾದವರಿಗೆ ಹಂಚುತ್ತೇವೆ ಎಂದು ಮಗಳ ಶಾಲೆಯಿಂದ ಚೀಟಿ ಬಂದಿತ್ತು. ನಂಜನಗೂಡಿನ ನಮ್ಮ ಮನೆಯ ಬೀರು ತೆಗೆದೆ. ಹುಳು ಹಿಡಿಯದಿರಲೆಂದು ಅಮ್ಮ ಮೊಮ್ಮಗಳ ಫ್ರಾಕುಗಳ ನಡುವೆ ಬೇವಿನೆಲೆ ಇಟ್ಟಿದ್ದಳು. ಅಪ್ಪನ ಊರು ಹೆಮ್ಮಿಗೆಯಿಂದ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಕಳಿಸುತ್ತಿದ್ದ ಗಂಟಿಗೂ ಇದೇ ವಾಸನೆ. ಆಕೆಯ ಮಗಳು ರತ್ನ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅವಳಿಗೆ ಗಿಡ್ಡವಾದದ್ದೆಲ್ಲ ವರ್ಷಕ್ಕೊಮ್ಮೆ ಹಳೇ ಪಂಚೆಯಲ್ಲಿ ಗಂಟಾಗಿ ನನಗೆ ಬರುತ್ತಿತ್ತು. ನಿಮ್ಮಲ್ಲೂ ಅಂಥ ಗಂಟು ಬಿಚ್ಚಿ ಬೆಳೆದವರಿದ್ದೀರಿ. ಒಂದೇ ಮನೆಯ ಬಟ್ಟೆ ಎಂದುಕೊಂಡಿದ್ದಷ್ಟು ದಿನ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ.

ಅಪ್ಪ ತಾಂಡ್ಯದ ಕಾರ್ಖಾನೆ ಸೇರಿ ನಾವು ನಂಜನಗೂಡಿಗೆ ಬಂದ ಮೇಲೂ ರಜೆಯಲ್ಲಿ ನಾನಿರುತ್ತಿದ್ದುದು ಹೆಮ್ಮಿಗೆಯಲ್ಲಿ, ಅಪ್ಪನ ಅಮ್ಮನ ಮನೆಯಲ್ಲೇ. ನಡುವೆ ತೊಟ್ಟಿ, ಸುತ್ತ ಹಜಾರ. ತಣ್ಣಗಿನ ಗಾರೆ ನೆಲಕ್ಕೆ ಕೆನ್ನೆ ಒತ್ತಿ ಮಲಗಿದರೆ ತೊಟ್ಟಿಯ ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುವುದು ಕಾಣುತ್ತಿತ್ತು. ಅಟ್ಟದಿಂದ ಹೊಸ ಭತ್ತದ ಘಮ, ಕೊಟ್ಟಿಗೆಯಿಂದ ಗಂಜಲದ ವಾಸನೆ. ರತ್ನಳಿಗೆ ಎಂಟು ತುಂಬಿದಾಗ ಅಜ್ಜಿ ತನ್ನದೊಂದು ನೇರಳೆ ರೇಷ್ಮೆ ಸೀರೆ ಕತ್ತರಿಸಿ ಲಂಗ ಹೊಲಿಸಿದಳು. ಅಂಚಿನ ಒಳಗಡೆ ಮೂರು ಮಡಿಕೆ ಹಾಕಿಸಿದ್ದಳು. ಹುಡುಗಿ ಉದ್ದವಾದಂತೆ ಒಂದೊಂದೇ ಬಿಚ್ಚಿ ಇಳಿಸಬೇಕು. "ಎರಡು ಮಡಿಕೆ ರತ್ನಂಗೆ. ಕಡೇದು ಈ ಕೊಕ್ಕರೆಗೆ" ಎಂದು ನನ್ನ ಉದ್ದನೆಯ ಕಾಲು ಹಿಡಿದೆಳೆದಿದ್ದಳು. ಅಜ್ಜಿ ಹೋದಳು. ಮರುವರ್ಷ ಅಣ್ಣ ತಮ್ಮಂದಿರ ಭಾಗವಾಯಿತು. ಮನೆ ದೊಡ್ಡಪ್ಪನಿಗೆ ಹೋಯಿತು, ನಮಗೆ ಗದ್ದೆಯ ಒಂದು ತುಂಡು ಬಂತು.

ನನಗೆ ಒಂಬತ್ತಾದಾಗ ಆ ಲಂಗ ಗಂಟಿನಲ್ಲಿ ಬಂತು. ತಿ. ನರಸೀಪುರದಲ್ಲಿ ಸೋದರಮಾವನ ಮದುವೆಗೆ ನಾಲ್ಕೇ ದಿನವಿತ್ತು. ಉಟ್ಟು ನೋಡಿದರೆ ಮೀನಖಂಡದವರೆಗೂ ಬರಲಿಲ್ಲ. ಕಡೇ ಮಡಿಕೆ ಇಳಿಸೋಣವೆಂದು ಅಮ್ಮ ಬ್ಲೇಡು ತಂದು ಅಂಚು ಬಿಚ್ಚಿದಳು. ಒಳಗೆ ಮಡಿಕೆ ಇರಲಿಲ್ಲ. ಹಳೇ ಹೊಲಿಗೆಯ ಸೂಜಿ ತೂತುಗಳ ಸಾಲು ಇತ್ತು, ಅದರ ಪಕ್ಕಕ್ಕೇ ಕತ್ತರಿ ಆಡಿಸಿ ಹೊಸ ದಾರದಲ್ಲಿ ಅಂಚು ಕಟ್ಟಿದ್ದರು. ಮರುದಿನ ಬೆಳಿಗ್ಗೆ ಅಮ್ಮ ಲಂಗ ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೆಮ್ಮಿಗೆಯ ಬಸ್ಸು ಹತ್ತಿದಳು.

ದೊಡ್ಡಮ್ಮ ಜಗಲಿಯ ಮೇಲೆ ಅಕ್ಕಪಕ್ಕದ ಹೆಂಗಸರ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು. "ಏನ್ ತಾಯಿ, ಟೌನ್‌ನೋರಿಗೆ ದಾರಿ ಗೊತ್ತಾಯ್ತಾ?" ಅಂದಳು.

"ಅಕ್ಕಾ, ಮೂರನೇ ಮಡಿಕೆ ಎಲ್ಲಿ?" ಅಮ್ಮ ಕೇಳಿದಳು.

ದೊಡ್ಡಮ್ಮ ತಲೆ ಎತ್ತಲಿಲ್ಲ. "ಕತ್ತರಿಸ್ಕೊಂಡೆ. ಬೆಳೆಯೋ ಬಟ್ಟೆ ಕಣಮ್ಮಿ ಅದು. ಮಡಿಕೆ ಸಮೇತ ಆಚೆಯೋರಿಗೆ ಕೊಟ್ರೆ ನನ್ ಮಗಳ ಏಳ್ಗೆ ಅವರ ಇಂದೆ ಓಯ್ತದೆ."

"ಅತ್ತೆ ಇವಳಿಗೇಂತ ಬಿಟ್ಟಿದ್ದು. ನಾವ್ಯಾವಾಗ ಆಚೆಯವರಾದ್ವಿ?"

"ಭಾಗದ ಪತ್ರಕ್ಕೆ ನಿನ್ ಗಂಡ ಸೈನ್ ಆಕಿದ್ ದಿನ."

"ಗೇಣುದ್ದ ಬಟ್ಟೆಗೆ ಬಸ್ ಚಾರ್ಜ್ ಕೊಟ್ಕಂಡ್ ಬಂದವ್ಳಲ್ಲಪ್ಪ!" ಸುಲಿಯುತ್ತಿದ್ದವಳೊಬ್ಬಳು ನಕ್ಕಳು. ಉಳಿದವರೂ ನಕ್ಕರು.

ನಾನು ಆಗಲೇ ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದೆ. ಒಳಗೆ ಹೋಗಿ ನೀರು ಕುಡಿದು, ಹಜಾರದ ನೆಲದಲ್ಲಿ ಒಂದು ಗಳಿಗೆ ಮಲಗಬೇಕೆಂದಿದ್ದೆ. ಅಮ್ಮ ತೋಳು ಹಿಡಿದು ಹಿಂದಕ್ಕೆ ಎಳೆದಳು. ಲಂಗವನ್ನು ಅವರೆ ಸಿಪ್ಪೆಯ ರಾಶಿಯ ಮೇಲೆ ಹಾಕಿದಳು. ಮಾವನ ಮದುವೆಗೆ ನಾನು ಸ್ಕೂಲ್ ಯೂನಿಫಾರ್ಮಿನಲ್ಲೇ ಹೋದೆ. ಕೇಳಿದವರಿಗೆಲ್ಲ ಅಮ್ಮ, "ಅವಳದ್ದೇ ಬಟ್ಟೆ, ಚೆನ್ನಾಗಿದೆಯಲ್ಲ" ಅನ್ನುತ್ತಿದ್ದಳು. ಹೆಮ್ಮಿಗೆಯ ಗಂಟು ಆಮೇಲೆ ಬರಲಿಲ್ಲ. ಬಂದಿದ್ದರೂ ಅಮ್ಮ ಬಿಚ್ಚುತ್ತಿರಲಿಲ್ಲ.

ದೊಡ್ಡಮ್ಮ ಬಡವಿಯಲ್ಲ, ತಿಳಿವಳಿಕೆ ಇಲ್ಲದವಳೂ ಅಲ್ಲ. ಹಿತ್ತಲಿಗೆ ಬಂದ ಯಾರನ್ನೂ ಮಜ್ಜಿಗೆ ಕೊಡದೆ ಕಳಿಸಿದವಳಲ್ಲ ಎನ್ನುವುದನ್ನೂ ಇಲ್ಲಿ ಬರೆಯಬೇಕು. ಅವಳು ಗೊತ್ತಿದ್ದೇ ಮಾಡಿದಳು. ನಾನು ಅದನ್ನು ಕ್ಷಮಿಸಿಲ್ಲ, ವಯಸ್ಸಾಯಿತೆಂದು ಕ್ಷಮಿಸುವ ಅಭ್ಯಾಸವೂ ನನಗಿಲ್ಲ. ಹಜಾರದ ನೆಲದ ತಂಪು ಇವತ್ತಿಗೂ ಕೆನ್ನೆಯಲ್ಲಿದೆ ಎನ್ನುವುದೂ ಅಷ್ಟೇ ನಿಜ. ಆ ಮನೆ ಕೆಡವಿ ಬಹಳ ಕಾಲವಾಯಿತು. ಕಂಬಗಳನ್ನು ಮೈಸೂರಿನ ಯಾವುದೋ ಹೋಟೆಲಿನವರು ಕೊಂಡುಕೊಂಡರಂತೆ. ನಾನು ನೋಡಿಲ್ಲ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಹೋದ ವರ್ಷ, ದೊಡ್ಡಮ್ಮ ಸತ್ತಳು. ರತ್ನ ಫೋನ್ ಮಾಡಿದಳು. "ಬರದೇ ಇದ್ರೂ ಪರ್ವಾಗಿಲ್ಲ ಕಣೆ. ಅನ್ನೊಂದ್ ದಿನ ದೇವರ ದೀಪ ಅಚ್ಬ್ಯಾಡಿ ಅಂತ ಚಿಕ್ಕಮ್ಮಂಗೆ ಏಳು. ಸೂತಕ ನಿಮಗೂ ಬತ್ತದೆ."

ಅಮ್ಮನಿಗೆ ಹೇಳಿದೆ. ಕೇಳಿಸಿಕೊಂಡಳು. ಸಂಜೆ ಕೈಕಾಲು ತೊಳೆದು, ಬತ್ತಿ ಹೊಸೆದು, ದಿನದಂತೆ ದೇವರ ಮುಂದೆ ದೀಪ ಹಚ್ಚಿದಳು. "ಸೂತಕ ಮನೆಯವರಿಗೆ" ಅಂದಳು. ನಾನು ತಡೆಯಲಿಲ್ಲ. ಎಣ್ಣೆ ಮುಗಿದು ದೀಪ ತಾನಾಗಿ ಆರುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು. ಆ ದಿನ ಅಮ್ಮ ಊಟ ಮಾಡಲಿಲ್ಲ.