ಒಂದ್ಹನಿ ಮೇಸ್ತ್ರಿಯ ಟ್ಯಾಂಕು

ನಲ್ಲಿ, ಪೈಪು, ತೊಟ್ಟಿ ಅಂತ ಆಯುಷ್ಯವನ್ನೆಲ್ಲ ನೀರಿನ ಹಿಂದೆಯೇ ಕಳೆದ ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ಒಂದ್ಹನಿ ಮೇಸ್ತ್ರಿ. ಯಾರ ಮನೆಯ ಕೆಲಸ ಮುಗಿಸಿದರೂ ಸಾಮಾನು ಚೀಲಕ್ಕೆ ತುಂಬಿಕೊಳ್ಳುತ್ತಾ, "ಒಂದ್ ಹನಿ ಸೋರಿದ್ರೂ ಹೇಳಿ ಕಳ್ಸಿ, ಪುಕ್ಕಟೆ ಮಾಡ್ಕೊಡ್ತೀನಿ" ಅನ್ನುತ್ತಿದ್ದರು. ಹಾಗೆ ಹೇಳಿ ಕಳಿಸುವ ಪ್ರಸಂಗ ಬಂದದ್ದೇ ಅಪರೂಪ. ಅದು ಅವರ ಜಂಬ. ಇರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟಾದರೂ ಜಂಬ ಬೇಡವೇ?

ಇಂಥವರ ಹಿತ್ತಲಿನ ಶೆಡ್ಡಿಗೆ ಒಂದು ದಿನ ವಿಮಾನ ಬಂತು. ಹೌದು ಸ್ವಾಮಿ, ವಿಮಾನವೇ! ಆದರೆ ಇಡಿಯಾಗಿ ಅಲ್ಲ, ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ. ಮೇಸ್ತ್ರಿಯ ಒಬ್ಬಳೇ ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ, ರಜೆಯ ದಿನಗಳಲ್ಲಿ ವಿಮಾನ ಹಾರಿಸುವುದನ್ನು ಕಲಿತು, ಲೈಸೆನ್ಸನ್ನೂ ಪಡೆದವಳು. ಇಬ್ಬರು ಕೂರುವಷ್ಟು ಚಿಕ್ಕದೊಂದು ವಿಮಾನವನ್ನು ಮನೆಯಲ್ಲೇ ಜೋಡಿಸುವ ಕನಸು ಅವಳದು. ಬಾಲದ ಕೆಲಸ ಅವಳು ಮಾಡಿದಳು. ಮೇಸ್ತ್ರಿಯ ಹೆಂಡತಿಯ ತಮ್ಮ, ಕಸುಬಿನಲ್ಲಿ ಬಡಗಿ, ರೆಕ್ಕೆಗಳನ್ನು ಕೂರಿಸಿ ಕೆಲಸ ಮಾಡಲು ಮರದ ಚೌಕಟ್ಟು ಮಾಡಿಕೊಟ್ಟ. ರೆಕ್ಕೆಗೊಂದರಂತೆ ಪೆಟ್ರೋಲ್ ಟ್ಯಾಂಕು ಕಟ್ಟುವ ಸರದಿ ಬಂದಾಗ ಮೇಸ್ತ್ರಿ ಅಂಗಿಯ ತೋಳು ಮೇಲೇರಿಸಿದರು.

"ಸೋರೋ ವಿಷಯ ಅಂದ್ಮೇಲೆ ಅದು ನಂದು. ಯಾರೂ ಕೈ ಹಾಕ್ಬೇಡಿ."

ಯಾರೂ ಹಾಕಲಿಲ್ಲ. ತೆಳ್ಳನೆಯ ಅಲ್ಯೂಮಿನಿಯಂ ತಗಡು, ಒಳಗೆ ಅಡ್ಡಪಟ್ಟಿಗಳು, ತಗಡಿಗೆ ತಗಡು ಸೇರಿಸುವ ಸಾಲುಸಾಲು ರಿವೆಟ್ಟು ಮೊಳೆ. ಪ್ರತಿ ಸಂದಿಗೂ ಕಪ್ಪನೆಯ ಒಂದು ಅಂಟು ಮೆತ್ತಬೇಕು. ಆ ಅಂಟಿನ ಕಥೆ ಕೇಳಬೇಡಿ! ಸುಟ್ಟ ರಬ್ಬರಿನ ವಾಸನೆ, ಮುಟ್ಟಿದರೆ ಬಿಡದು. ಬಾಗಿಲ ಚಿಲಕ, ದೀಪದ ಸ್ವಿಚ್ಚು, ಕೊನೆಗೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೂ ಮೇಸ್ತ್ರಿಯ ಹೆಬ್ಬೆಟ್ಟು ಮೂಡಿತು.

"ಏನ್ರೀ ಇದು, ಮನೆನೋ ಪೊಲೀಸ್ ಠಾಣೆನೋ? ಎಲ್ಲಿ ನೋಡಿದ್ರೂ ನಿಮ್ಮ ಬೆರಳಚ್ಚು!" ಎಂದು ಹೆಂಡತಿ ಮುಚ್ಚಳ ಉಜ್ಜುತ್ತಾ ಗೊಣಗಿದರು.

ಎಡರೆಕ್ಕೆಯ ಟ್ಯಾಂಕು ಸಿದ್ಧವಾಯಿತು. ಅದು ಸೋರುತ್ತದೋ ಇಲ್ಲವೋ ನೋಡಲು ಪೆಟ್ಟಿಗೆಗಳ ಜೊತೆ ಬಂದ ಪುಸ್ತಕ ಹೇಳಿದ್ದು ಇಷ್ಟೇ: ಎಲ್ಲ ತೂತುಗಳನ್ನು ಮುಚ್ಚಿ, ಒಂದಕ್ಕೆ ಮಾತ್ರ ಬಲೂನು ಕಟ್ಟಿ, ಅದು ಎದ್ದು ನಿಲ್ಲುವಷ್ಟೇ ಮೆಲ್ಲಗೆ ಗಾಳಿ ತುಂಬಿ, ಮಾರನೆಯ ದಿನದವರೆಗೆ ಬಿಡಬೇಕು. ಬಲೂನು ಬೀಳದಿದ್ದರೆ ಟ್ಯಾಂಕು ಸೋರುವುದಿಲ್ಲ ಎಂದರ್ಥ. ಮೇಸ್ತ್ರಿಗೆ ನಗು ಬಂತು. ಬಲೂನಂತೆ, ಬಲೂನು! ಇದೇನು ಹುಡುಗಾಟವೇ? ಅವರ ಪದ್ಧತಿಯೇ ಬೇರೆ. ಪೈಪಿಗೆ ಬೇಕಾದ್ದಕ್ಕಿಂತ ಎರಡು ಪಟ್ಟು ಒತ್ತಡ ಕೊಟ್ಟು ನೋಡುವುದು. ಅದನ್ನು ತಡೆದದ್ದು ಜನ್ಮದಲ್ಲಿ ಸೋರುವುದಿಲ್ಲ. ಅಟ್ಟದಿಂದ ತಮ್ಮ ಹಳೆಯ ಪಂಪು ಇಳಿಸಿ ಟ್ಯಾಂಕಿಗೆ ಸಿಕ್ಕಿಸಿ ಒತ್ತಿದರು.

ಢಬ್!

ತಗಡು ಹೊಟ್ಟೆ ಉಬ್ಬರಿಸಿದಂತೆ ಊದಿ, ಸಂದಿಗಳು ಬಾಯಿಬಿಟ್ಟು, ಒಳಗಿನ ಪಟ್ಟಿಗಳು ಸೊಟ್ಟಗಾಗಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ಕುಂಬಾರನೂ ಅವರೇ, ದೊಣ್ಣೆಯೂ ಅವರದೇ.

ಓಡಿ ಬಂದ ಭಾವಮೈದ ಬಾಯಿಗೆ ಕೈ ಅಡ್ಡ ಹಿಡಿದು, "ಭಾವ, ಒಂದ್ ಹನಿನೂ ಸೋರ್ಲಿಲ್ಲ ಅನ್ನೋದಂತೂ ನಿಜ" ಅಂದ.

"ತಗಡೇ ಸರಿಯಿಲ್ಲ ಕಣೋ" ಅಂದರು ಮೇಸ್ತ್ರಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಮಗಳು ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಸೊಟ್ಟ ತಗಡಿನ ಮೇಲೆ ಕೈಯಾಡಿಸಿ ಮೆಲ್ಲಗೆ ಹೇಳಿದಳು. "ಅಪ್ಪಾ, ರೆಡಿಮೇಡ್ ಟ್ಯಾಂಕ್ ಸಿಗುತ್ತೆ. ತರಿಸಿಬಿಡೋಣ. ಮನೇಲಿ ನಲ್ಲಿ ಸೋರಿದ್ರೆ ಬಕೆಟ್ ಇಡಬಹುದು. ಮೇಲೆ ಹೋದ್ಮೇಲೆ ಪೆಟ್ರೋಲ್ ಸೋರಿದ್ರೆ ನಾನೇನು ಇಡ್ಲಿ?"

ಆ ಮಾತು ಮೇಸ್ತ್ರಿಯ ಎದೆಗೆ ನಾಟಿತು. ಅಂದು ಅವರಿಗೆ ಊಟ ಸೇರಲಿಲ್ಲ. ಊರಿಗೆಲ್ಲ ನಂಬಿಕೆಯ ಕೈ, ಹೆತ್ತ ಮಗಳಿಗೆ ಮಾತ್ರ ಬೇಡವಾಯಿತಲ್ಲ ಅನ್ನುವ ಸಂಕಟ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅದರೊಳಗೆ ಕೂತು ಹೋಗುವವಳು ಅವಳು. ಬೆಳಗಾದ ಮೇಲೆ ಮಗಳ ಮುಂದೆ ನಿಂತರು.

"ತಗಡು ಸರಿಯಾಗೇ ಇತ್ತಮ್ಮ. ತಪ್ಪು ನಂದೇ. ಇನ್ನೊಂದ್ಸಲ ಬಿಡು. ಈ ಸಲ ಪುಸ್ತಕ ಹೇಳಿದ ಹಾಗೇ ಮಾಡ್ತೀನಿ. ಆಮೇಲೂ ಅನುಮಾನ ಬಂದ್ರೆ ರೆಡಿಮೇಡ್ ನಾನೇ ತರಿಸ್ತೀನಿ."

ಮಗಳು ತಲೆಯಾಡಿಸಿದಳು. ಹೂಂ ಅಂತಲೋ ನೋಡೋಣ ಅಂತಲೋ ತಿಳಿಯಲಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ ಈಗ ಪುಸ್ತಕದ ಪುಟ ತಿರುಗಿಸಿ ತಿರುಗಿಸಿ ಓದಿದರು. ಅರ್ಥವಾಗದ್ದನ್ನು ಮಗಳನ್ನೇ ಕೇಳಿದರು. ಬಿಗಿದಷ್ಟೂ ಒಳ್ಳೆಯದು ಅನ್ನುವ ಕೈಗೆ, ಇಲ್ಲಿ ಹೆಚ್ಚು ಬಿಗಿದರೆ ಅಂಟೆಲ್ಲ ಹೊರಬಂದು ಸಂದಿ ಬರಿದಾಗುತ್ತದೆ ಅನ್ನುವುದನ್ನು ಕಲಿಸಬೇಕಾಯಿತು. ಕಲಿಸಿದರು. ಮುದಿಕೈ ಒಮ್ಮೊಮ್ಮೆ ಮಾತು ಕೇಳದೆ ಬಿಗಿದುಬಿಡುತ್ತಿತ್ತು. ಆಗ ತಮ್ಮನ್ನೇ ಬೈದುಕೊಂಡು, ಬಿಚ್ಚಿ, ಒರೆಸಿ, ಮತ್ತೆ ಮೆತ್ತುವರು. ಭಾವಮೈದ ಬಂದಾಗಲೆಲ್ಲ, "ಭಾವ, ಈ ವಿಮಾನದಲ್ಲಿ ನಿಮ್ಮ ಮರಿಮಕ್ಕಳು ಹಾರ್ತಾರೆ ಬಿಡಿ" ಎಂದು ಕಿಚಾಯಿಸಿದರೂ ತಲೆ ಎತ್ತಲಿಲ್ಲ.

ಕೊನೆಗೊಂದು ಸಂಜೆ ಹೊಸ ಟ್ಯಾಂಕಿಗೆ ಕೆಂಪು ಬಲೂನು ಕಟ್ಟಿದರು. ಉಸಿರು ಹಿಡಿದು, ಹಸುಗೂಸಿನ ಮುಖಕ್ಕೆ ಊದುವಷ್ಟು ಮೆಲ್ಲಗೆ ಊದಿದರು. ಬಲೂನು ಎದ್ದು ನಿಂತಿತು. ಎಲ್ಲರೂ ನೋಡಿ ಒಳಗೆ ಹೋದರು.

ಬೆಳಗ್ಗೆ ಯಾರೂ ಏಳುವ ಮುಂಚೆ ಮೇಸ್ತ್ರಿ ಶೆಡ್ಡಿನ ಬಾಗಿಲು ತೆರೆದರು. ಮೈ ನಡುಗುವ ಚಳಿ. ಬಲೂನು ಸೊರಗಿ ಟ್ಯಾಂಕಿನ ಮೇಲೆ ಒರಗಿತ್ತು.

ಸೋಪಿನ ನೀರು ಕಲಸಿ ಒಂದೊಂದು ರಿವೆಟ್ಟಿಗೂ ಬಳಿದರು. ಎಲ್ಲೂ ಒಂದು ಗುಳ್ಳೆ ಏಳಲಿಲ್ಲ. ಹಾಗಾದರೆ ಗಾಳಿ ಎಲ್ಲಿ ಹೋಯಿತು? ತಿಳಿಯಲಿಲ್ಲ. ಮನೆಯಲ್ಲಿ ಸದ್ದಿಲ್ಲ. ಇನ್ನೊಂದೇ ಉಸಿರು ಊದಿದರೆ ಬಲೂನು ನಿಲ್ಲುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸೋಪಿನ ನೀರೇ ಹೇಳುತ್ತಿದೆಯಲ್ಲ ಸೋರುತ್ತಿಲ್ಲ ಅಂತ! ಅವರ ಕೈ ಬಲೂನಿನ ಕುತ್ತಿಗೆ ಹಿಡಿಯಿತು. ಹಿಡಿದು ಬಹಳ ಹೊತ್ತು ನಿಂತರು.

ಆಮೇಲೆ ಕೈಬಿಟ್ಟು, ಅಡುಗೆಮನೆಯ ಕಡೆ ತಿರುಗಿ ಕೂಗಿದರು. "ಮಗಳೇ, ಬಾಮ್ಮಾ ಇಲ್ಲಿ. ಬಲೂನ್ ಬಿದ್ದುಹೋಗಿದೆ."

ಅರ್ಧ ಕುಡಿದ ಟೀ ಲೋಟ ಹಿಡಿದೇ ಮಗಳು ಬಂದಳು. ಹಿಂದೆಯೇ ರಾತ್ರಿ ಅಲ್ಲೇ ಉಳಿದಿದ್ದ ಭಾವಮೈದ, ಅವನ ಹಿಂದೆ ಹೆಂಡತಿ.

"ಇನ್ನೇನು ಭಾವ, ರೆಡಿಮೇಡೇ ಗತಿ" ಅಂದ ಭಾವಮೈದ.

ಹೆಂಡತಿ ಮಾತ್ರ ಬಲೂನನ್ನೊಮ್ಮೆ ನೋಡಿ, ಸೆರಗು ಹೊದ್ದುಕೊಂಡು, "ಅಯ್ಯೋ, ಯಾಕಿಷ್ಟು ಗಾಬರಿ? ತಾರಸಿ ಮೇಲೆ ಬಾಯಿ ಮುಚ್ಚಿಟ್ಟ ಖಾಲಿ ಕ್ಯಾನು ದಿನಾ ಬೆಳಗ್ಗೆ ಚಳಿಗೆ ಕೆನ್ನೆ ಒಳಗೆ ಎಳ್ಕೊಂಡಿರುತ್ತೆ. ಬಿಸಿಲೇರಿದ್ಮೇಲೆ ಟಪ್ ಅಂತ ಹೊರಗೆ ಬರುತ್ತೆ. ಇದಕ್ಕೂ ಚಳಿ ಆಗಿರ್ಬೇಕು. ಬಿಸಿಲು ಬರ್ಲಿ, ತಡೀರಿ" ಅಂದರು.

ತಡೆದರು. ಶೆಡ್ಡಿನ ತಗಡಿನ ಮಾಡು ಕಾಯತೊಡಗಿದಂತೆ ಬಲೂನು ಮೊದಲು ಮಿಸುಕಿತು, ಆಮೇಲೆ ಮೊಣಕೈ ಊರಿ ಏಳುವವರ ಹಾಗೆ ನಿಧಾನವಾಗಿ ಎದ್ದು, ಮಧ್ಯಾಹ್ನಕ್ಕೆ ನೆಟ್ಟಗೆ ನಿಂತಿತು. ಯಾರೂ ಮುಟ್ಟಿರಲಿಲ್ಲ. "ಅಬ್ಬಾ!" ಎಂದು ಭಾವಮೈದ ಅಕ್ಕನಿಗೇ ಕೈಮುಗಿದ. ಆದರೂ ಮೇಸ್ತ್ರಿ ಬಲೂನೊಂದನ್ನೇ ನಂಬಲಿಲ್ಲ. ಪೆಟ್ರೋಲು ತುಂಬಿಸಿ, ಕೆಳಗೆ ಬಿಳಿ ಕಾಗದ ಹಾಸಿ, ವಾರಗಟ್ಟಲೆ ಕಾದರು. ಕಾಗದ ಹಾಸಿದ ಹಾಗೇ ಬಿಳಿಯಾಗಿ ಉಳಿಯಿತು. ಬಲರೆಕ್ಕೆಯ ಟ್ಯಾಂಕನ್ನೂ ಹಾಗೆಯೇ ಕಟ್ಟಿದರು. ರೆಡಿಮೇಡಿನ ಮಾತನ್ನು ಮಗಳು ಮತ್ತೆ ಎತ್ತಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮೇಸ್ತ್ರಿಗೆ ಇರಲಿಲ್ಲ.

ತಪಾಸಣೆಗಳೆಲ್ಲ ಮುಗಿದು, ಮಗಳು ಮೊದಲ ಸಲ ಒಬ್ಬಳೇ ವಿಮಾನವನ್ನು ಮೇಲಕ್ಕೆತ್ತಿದ ದಿನ ಮೇಸ್ತ್ರಿ ವಿಮಾನ ಇಳಿಯುವ ಮೈದಾನದ ಬೇಲಿಯ ತಂತಿ ಹಿಡಿದು ನಿಂತವರು ಕಣ್ಣು ಮಿಟುಕಿಸಲಿಲ್ಲ. ಅವಳು ಸುತ್ತು ಹಾಕಿ, ಇಳಿದು, ಎಂಜಿನ್ನು ನಿಲ್ಲಿಸಿದ ಮೇಲೆ ಓಡಿದರು. ಮಗಳ ಹತ್ತಿರಕ್ಕಲ್ಲ, ರೆಕ್ಕೆಯ ಅಡಿಗೆ! ಎರಡು ರೆಕ್ಕೆಗಳ ಕೆಳಗೂ ಅಂಗೈ ಸವರಿದರು. ಒಣಗಿತ್ತು. ಮೂಸಿ ನೋಡಿದರು. ವಾಸನೆ ಇರಲಿಲ್ಲ. ಆಗಷ್ಟೇ ಅವರಿಗೆ ಅಳು ಬಂತು.

"ಅವತ್ತು ಬಲೂನ್ ಬಿದ್ದದ್ದು ನೋಡಿನೂ ನನ್ನ ಟ್ಯಾಂಕ್ ನಂಬಿ ಹೇಗಮ್ಮಾ ಹತ್ತಿದೆ?" ಎಂದು ಕೇಳಿಯೇಬಿಟ್ಟರು.

ಮಗಳು ಟೋಪಿ ತೆಗೆದು ಅಪ್ಪನ ಹೆಗಲ ಮೇಲೆ ಕೈಯಿಟ್ಟಳು.

"ಅವತ್ತು ನನಗೂ ನಿದ್ದೆ ಬಂದಿರ್ಲಿಲ್ಲಪ್ಪ. ಅಡುಗೆಮನೆ ಕಿಟಕೀಲಿ ನಿಂತಿದ್ದೆ. ನೀನು ಬಲೂನ್ ಹಿಡ್ಕೊಂಡು ನಿಂತದ್ದೆಲ್ಲ ನೋಡ್ತಾನೇ ಇದ್ದೆ. ಊದಿದ್ರೆ ನಾನು ಹತ್ತುತ್ತಿರ್ಲಿಲ್ಲ. ನೀನು ನನ್ನನ್ನ ಕರೆದೆ."